ಜಾತಿ ನಾಯಿ, ಕಂತ್ರಿ ನಾಯಿ ಮತ್ತು ನಮ್ಮ ಶೋಕಿ

ಮೊದಲೇ ಹೇಳಿಬಿಡ್ತೀನಿ, ಬಾರ್ಡರ್ ಕೋಲಿ ನಾಯಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟು ಏನಿದ್ದರೂ ಅದನ್ನು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿಗೆ ತಂದು, ಬಾಲ್ಕನಿಯಲ್ಲಿ ಕಟ್ಟಿ, ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಬ್ ಹತ್ತುವ ನನ್ನಂಥದೇ ಸಾಫ್ಟ್‌ವೇರ್ ಜನರ ಮೇಲೆ. ಈ ಶೋಕಿ ಈಗ ಹೈವೇ ಹಿಡಿದು ನಮ್ಮ ಜಿಲ್ಲೆಗೂ ಬಂದಿದೆ. ಏಪ್ರಿಲ್ ತಿಂಗಳಲ್ಲಿ ನಲವತ್ತು ಡಿಗ್ರಿಯ ಹತ್ತಿರ ಕಾಯುವ ಹಿರಿಯೂರಿನಲ್ಲಿ ಹಸ್ಕಿ ಸಾಕುತ್ತಾರೆ ಅಂದರೆ ಏನು ಹೇಳೋಣ ಸ್ವಾಮಿ? ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರೋಕೆ ಬರಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡ್ಕೋಬೇಕು. ಅದಕ್ಕೆ ಹಿಮದ ದೇಶದ ಕೋಟು ಬೇರೆ!

ಬಾರ್ಡರ್ ಕೋಲಿಯ ವಿಷಯಕ್ಕೆ ಬರೋಣ. ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಕುರಿ ಒಟ್ಟುಗೂಡಿಸಲೆಂದೇ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ನಾಯಿ ಅದು. 1893ರಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ನಾಯಿಯನ್ನು ಈ ತಳಿಯ ಮೂಲಪುರುಷ ಅಂತ ಕರೀತಾರೆ. ಅಲ್ಲಿ ಕುರಿಗಳು ಗುಡ್ಡದ ತುಂಬ ಚೆದುರಿ ಮೇಯುತ್ತವೆ. ಕುರಿಗಾಹಿ ಕೆಳಗೆ ನಿಂತು ಸಿಳ್ಳೆ ಹಾಕಿದರೆ ಸಾಕು, ನಾಯಿ ದೂರ ಓಡಿ, ಬೊಗಳದೆ, ಕಚ್ಚದೆ, ಬರೀ ದಿಟ್ಟಿಸಿ ನೋಡುತ್ತಾ ಇಡೀ ಹಿಂಡನ್ನು ಒಟ್ಟು ಮಾಡಿ ತರುತ್ತದೆ. ಇದೆಲ್ಲ ಬೇಟೆಯ ಗುಣವೇ. ನೋಡು, ಹೊಂಚು ಹಾಕು, ಅಟ್ಟು, ಕೊಲ್ಲು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೊನೆಯ ಫಂಕ್ಷನ್ ಒಂದನ್ನು ಕಾಮೆಂಟ್ ಮಾಡಿಟ್ಟಿದ್ದಾರೆ, ಮಿಕ್ಕಿದ್ದೆಲ್ಲ ಓಡ್ತಾನೇ ಇದೆ :-)

ಆ ಓಟ ನಿಲ್ಲಿಸೋಕೆ ಸ್ವಿಚ್ ಇಲ್ಲ. ಕುರಿ ಸಿಗದಿದ್ದರೆ ಅದು ಬೈಕು ಅಟ್ಟುತ್ತೆ, ಗೋಡೆಯ ಮೇಲಿನ ಬೆಳಕು ಅಟ್ಟುತ್ತೆ, ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತೆ. ಆಗ ಓನರ್ ಸಾಹೇಬರು ‘ನಾಯಿಗೆ ಹುಚ್ಚು ಹಿಡಿದಿದೆ’ ಅಂತಾರೆ! ‘ಚೇಸರ್’ ಅನ್ನುವ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರು ಕಲಿತಿತ್ತು ಅಂತ 2011ರಲ್ಲಿ ಸುದ್ದಿಯಾಗಿತ್ತು. ಆ ಸುದ್ದಿ ಫಾರ್ವರ್ಡ್ ಮಾಡುವವರು ಒಂದು ಮಾತು ಮರೀತಾರೆ. ಅದಕ್ಕೆ ಕಲಿಸಿದ ಜಾನ್ ಪಿಲ್ಲಿ ನಿವೃತ್ತ ಮನಶ್ಶಾಸ್ತ್ರ ಪ್ರೊಫೆಸರ್. ದಿನಕ್ಕೆ ನಾಲ್ಕೈದು ಗಂಟೆಯಂತೆ ಮೂರು ವರ್ಷ ಕಲಿಸಿದರು. ನಿಮ್ಮ ಹತ್ರ ದಿನಕ್ಕೆ ಒಂದು ಗಂಟೆ ಇದೆಯಾ? ಸ್ಟ್ಯಾಂಡಪ್ ಮೀಟಿಂಗ್ ಬಿಟ್ಟು?

ಈಗ ನಮ್ಮೂರ ಕಡೆ ನೋಡಿ. ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಯಾವ ಹಟ್ಟಿಗೆ ಹೋದರೂ ಕುರಿ ರೊಪ್ಪದ ಬಾಗಿಲಲ್ಲಿ ಒಂದು ನಾಯಿ ಮಲಗಿರುತ್ತೆ. ಮೂಳೆ ಕಾಣುವ ಮೈ, ಹರಿದ ಕಿವಿ, ಹೆಸರು ಕರಿಯನೋ ಕೆಂಚನೋ. ನೀವು ಹತ್ತಿರ ಹೋಗಿ ನೋಡೋಣ! ‘ಅದಕ್ಕೇನು ಬರುತ್ತೆ, ಕುರಿ ಮೇಯಿಸೋಕೆ ಬರುತ್ತಾ?’ ಅಂತ ಒಬ್ಬ ಶ್ವಾನಪ್ರಿಯ ಗೆಳೆಯ ನನ್ನನ್ನೇ ಕೇಳಿದ. ಬರಲ್ಲ. ಯಾಕೆಂದರೆ ಅದು ಅದರ ಕೆಲಸವೇ ಅಲ್ಲ. ಬ್ರಿಟನ್ನಿನಲ್ಲಿ ತೋಳ ನಾಶವಾಗಿ ಶತಮಾನಗಳೇ ಆದವು, ಹಾಗಾಗಿ ಅಲ್ಲಿ ಕುರಿ ಒಟ್ಟು ಮಾಡುವ ನಾಯಿ ಸಾಕು. ನಮ್ಮಲ್ಲಿ ತೋಳ, ಚಿರತೆ ಎರಡೂ ಇವೆ. ಮಂದೆ ನಡೆಸೋದು ಕುರಿಗಾಹಿಯ ಕೂಗು ಮತ್ತು ಕೋಲು. ಎಡಕ್ಕೆ ಶೇಂಗಾ ಹೊಲ, ಬಲಕ್ಕೆ ರಾಗಿ ಹೊಲ ಇರುವ ಕಿರಿದಾರಿಯಲ್ಲಿ ನಾಯಿ ಕುರಿಗಳನ್ನು ಅಟ್ಟಿದರೆ ಸಂಜೆಗೆ ಊರಲ್ಲಿ ಪಂಚಾಯ್ತಿ ಸೇರಬೇಕಾಗುತ್ತೆ. ನಮಗೆ ಬೇಕಾಗಿದ್ದು ರಾತ್ರಿ ಕಾಯುವ ನಾಯಿ. ಮರಿಯಾಗಿದ್ದಾಗಲೇ ಕುರಿಗಳ ನಡುವೆ ಬೆಳೆದ ನಾಯಿಗೆ ಆ ಮಂದೆಯೇ ಬಳಗ. ಅದೇ ಅದರ ಟ್ರೇನಿಂಗು, ಅದೇ ಡಿಗ್ರಿ. ರಿಕ್ವೈರ್‌ಮೆಂಟೇ ಬೇರೆ ಇರುವಾಗ ಎರಡನ್ನೂ ಒಂದೇ ಟೆಸ್ಟ್ ಕೇಸಿಟ್ಟು ಅಳೆದು, ನಮ್ಮದು ಫೇಲ್ ಅಂದರೆ ಹೇಗೆ?

ನಮ್ಮ ಮಾತೇ ನೋಡಿ: ‘ಜಾತಿ ನಾಯಿ’ ಮತ್ತು ‘ಕಂತ್ರಿ ನಾಯಿ’. ‘ಕಂಟ್ರಿ’ ಅನ್ನುವ ಇಂಗ್ಲಿಷ್ ಪದವೇ ‘ಕಂತ್ರಿ’ ಆಯಿತು ಅಂತಾರೆ. ಅಂದರೆ ಈ ನೆಲದ್ದು ಅನ್ನುವುದೇ ಬೈಗುಳ! ನಾಯಿಗೂ ಜಾತಿ ಕಟ್ಟಿದ ಜನ ನಾವು. ಹೀಗಿರಲಿಲ್ಲ ಕಣ್ರೀ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಶಾಸನ ಸಿಕ್ಕಿದೆ. ಮಣಲೇರ ಎಂಬ ವೀರ ಯುದ್ಧದಲ್ಲಿ ಗೆದ್ದಾಗ ಬಹುಮಾನವಾಗಿ ಕೇಳಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಸಾವಿರ ವರ್ಷದ ಹಿಂದಿನ ಕನ್ನಡಿಗರು!

‘ಹಾಗಾದರೆ ಎಲ್ಲರೂ ಮುಧೋಳ ನಾಯಿ ತಗೊಳ್ಳಿ ಅಂತೀರಾ?’ ಇಲ್ಲ. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂತು, 2016ರಲ್ಲಿ ಸೈನ್ಯ ಅದನ್ನು ಮೀರತ್‌ಗೆ ಕರೆದೊಯ್ದು ತರಬೇತಿ ಕೊಟ್ಟಿತು, 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಅದರ ಹೆಸರು ಹೇಳಿದರು. ಸಂತೋಷ. ಆದರೆ ಅದೂ ಬಯಲಲ್ಲಿ ಮೊಲ ಅಟ್ಟಲು ಹುಟ್ಟಿದ ಬೇಟೆ ನಾಯಿ. ಫ್ಲಾಟಿನಲ್ಲಿ ಅದಕ್ಕೂ ಕೋಲಿಯಷ್ಟೇ ಸೆರೆವಾಸ. ಶೋಕಿಗೆ ‘ದೇಶಿ’ ಅನ್ನೋ ಲೇಬಲ್ ಅಂಟಿಸಿದರೆ ಶೋಕಿ ಸೇವೆಯಾಗಲ್ಲ. 2022ರಲ್ಲಿ ‘777 ಚಾರ್ಲಿ’ ಬಂದಾಗ ನಮ್ಮ ಆಫೀಸಿನವನೊಬ್ಬ ಥಿಯೇಟರಿನಿಂದ ಕಣ್ಣೊರೆಸಿಕೊಂಡು ಬಂದವನೇ ಲ್ಯಾಬ್ರಡಾರ್ ಮರಿಯ ರೇಟು ಹುಡುಕಿದ. ಆ ಸಿನಿಮಾ ಬೈದಿದ್ದೇ ನಾಯಿಮರಿ ದಂಧೆಯ ಕ್ರೌರ್ಯವನ್ನು! ಎಂಟು ವಾರ ತುಂಬದ ಮರಿ ಮಾರಬಾರದು, ನೋಂದಣಿ ಇಲ್ಲದೆ ತಳಿ ಮಾಡಿಸಬಾರದು ಅಂತ 2017ರಿಂದ ನಿಯಮವಿದೆ. ಮರಿ ಕೊಳ್ಳುವಾಗ ಎಷ್ಟು ಜನ ಕೇಳ್ತಾರೆ?

ನನ್ನ ಅಸಲಿ ಹೊಟ್ಟೆಯುರಿ ಇದು. ಕೋಲಿಯ ಶಾಂಪೂಗೆ, ಆಮದು ಆಹಾರಕ್ಕೆ ತಿಂಗಳಿಗೆ ಸಾವಿರಗಟ್ಟಲೆ ಸುರಿಯುತ್ತೇವೆ. ಹಟ್ಟಿಯ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಒಂದೂ ಇಲ್ಲ. ಜಗತ್ತಿನಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ಸುಮಾರು ಶೇ. 36 ಜನ ಭಾರತದವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಲಕ್ಷಣ ಕಂಡ ಮೇಲೆ ಮದ್ದಿಲ್ಲ. ಆದರೆ ಶೇ. 70 ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತೆ. ತೋಳದೊಡನೆ ಕಾದಾಡಿ ಮಂದೆ ಉಳಿಸುವ ನಾಯಿಗೆ, ಅದರ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುವ ಮನುಷ್ಯನಿಗೆ, ಆ ಒಂದು ಸೂಜಿ ದಕ್ಕಿಲ್ಲ ಅನ್ನುವುದು ನಮಗ್ಯಾರಿಗೂ ಸುದ್ದಿಯೇ ಅಲ್ಲ. ‘ಕುರಿಗಾಹಿ ತಾನೇ ಹಾಕಿಸಬಹುದಲ್ಲ’ ಅಂತೀರಾ? ವರ್ಷದಲ್ಲಿ ತಿಂಗಳುಗಟ್ಟಲೆ ಮಂದೆಯ ಹಿಂದೆ ಊರೂರು ಅಲೆಯುವವನು ಕುರಿಗಳನ್ನು ಯಾರ ಕೈಗೆ ಕೊಟ್ಟು ತಾಲ್ಲೂಕು ಆಸ್ಪತ್ರೆಗೆ ನಾಯಿ ಹಿಡಿದುಕೊಂಡು ಬರಬೇಕು ಹೇಳಿ? ಮದ್ದೇ ಮಂದೆ ಇರುವಲ್ಲಿಗೆ ಹೋಗಬೇಕು.

ಅದಕ್ಕೇ ಬ್ಲಾಗ್ ಗೆಳೆಯರಲ್ಲಿ ಒಂದು ಕೇಳಿಕೆ. ನಾಯಿ ಬೇಕೆನಿಸಿದರೆ ಬೀದಿಯ ಮರಿಯನ್ನೇ ತನ್ನಿ. ಬೇಗನೇ ಜನರ, ಸದ್ದಿನ ಅಭ್ಯಾಸ ಮಾಡಿಸಿ, ಹೊಡೆಯದೆ ತಿಂಡಿ ಕೊಟ್ಟು ಕಲಿಸಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಹಬ್ಬಕ್ಕೆ ಊರಿಗೆ ಹೋದಾಗ ಪಶು ವೈದ್ಯರನ್ನು ಕಂಡು, ನಿಮ್ಮೂರ ಹಟ್ಟಿಯ ನಾಯಿಗಳಿಗೆ ಒಂದು ದಿನದ ಶಿಬಿರ ಮಾಡಿಸಿ. ಒಂದು ವೀಕೆಂಡ್ ಪಿಜ್ಜಾದ ಖರ್ಚು ಅಷ್ಟೇ.

ಅಷ್ಟೂ ಆಗದಿದ್ದರೆ ಬೇಡ. ಕಡೇಪಕ್ಷ ಆ ನಾಯಿಯನ್ನು ಕಂತ್ರಿ ಅನ್ನಬೇಡಿ. ಏನಂತೀರಿ?