ಗಂಧವೋ, ಅಗರೋ? ಸಸಿ ಕೊಳ್ಳುವ ಮುನ್ನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟದಲ್ಲಿ ಇನ್ನೇನಾದರೂ ಹಾಕೋಣ ಅನ್ನುವವರಿಗೆ ಈಗ ಎರಡು ಪರಿಮಳದ ಆಸೆ. ಒಂದು ಶ್ರೀಗಂಧ, ಇನ್ನೊಂದು ಅಗರ್‌ವುಡ್. ಸಸಿ ಮಾರುವವರು ಎರಡಕ್ಕೂ ಕೋಟಿಯಿಂದಲೇ ಮಾತು ಶುರು ಮಾಡುತ್ತಾರೆ. ನಮ್ಮ ಮನೆಗಳಲ್ಲೂ ಈ ಚರ್ಚೆ ನಡೆದಿದೆ. ನಮಗೆ ಅನ್ನಿಸಿದ್ದು ಇಷ್ಟು.

ಅಗರ್ ಮರ ಬೆಳೆದ ಮಾತ್ರಕ್ಕೆ ಪರಿಮಳ ಬರುವುದಿಲ್ಲ. ಮರಕ್ಕೆ ಗಾಯವಾಗಿ ಶಿಲೀಂಧ್ರ ಸೇರಿದಾಗ, ಅದನ್ನು ತಡೆಯಲು ಮರ ಒಳಗೇ ಕಟ್ಟಿಕೊಳ್ಳುವ ಕಪ್ಪು ರಾಳಕ್ಕೇ ಬೆಲೆ. ಅರಬ್ ದೇಶಗಳವರು ಊದ್ ಅನ್ನುವುದು ಇದನ್ನೇ. ತೋಟದಲ್ಲಾದರೆ ಮರ ಕೊರೆದು ಮದ್ದು ಸೇರಿಸಬೇಕು. ರಾಳ ಎಷ್ಟು ಕಟ್ಟಿದೆ ಅನ್ನುವುದು ಕಡಿದ ಮೇಲೆಯೇ ಸರಿಯಾಗಿ ಗೊತ್ತಾಗುವುದು. ಮೇಲಾಗಿ ಇದು ಅಸ್ಸಾಂ ಕಡೆಯ ಮಳೆಕಾಡಿನ ಮರ. ನಮ್ಮ ಬೋರ್‌ವೆಲ್ ನೀರು ತೆಂಗಿಗೇ ಸಾಲುತ್ತಿಲ್ಲ.

ಶ್ರೀಗಂಧ ನಮ್ಮ ಒಣನೆಲದ್ದೇ ಮರ. ನೀರು ನಿಲ್ಲದ ಜಾಗ ಸಾಕು. ಆದರೆ ಒಂಟಿಯಾಗಿ ಬದುಕದು. ಪಕ್ಕದ ಗಿಡದ ಬೇರಿಗೆ ಬೇರು ಚುಚ್ಚಿ ಆಹಾರ ಹೀರುತ್ತದೆ. ಮೊದಲಿಗೆ ತೊಗರಿ, ಆಮೇಲೆ ಹೊಂಗೆಯಂಥ ಮರ ಜೊತೆಗಿರಬೇಕು. ಪರಿಮಳ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಒಳ್ಳೆ ಚೇಗು ಕಟ್ಟಲು 15 ವರ್ಷವಾದರೂ ಕಾಯಬೇಕು.

ಹಿಂದೆ ನಮ್ಮ ಹೊಲದ ಗಂಧವೂ ಸರ್ಕಾರದ್ದೇ ಆಗಿತ್ತು. 2001ರ ಕಾನೂನು ತಿದ್ದುಪಡಿಯಿಂದ ಜಮೀನಿನವರೇ ಮರದ ಒಡೆಯರು. ಕಡಿಯಲು, ಸಾಗಿಸಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿದ್ದು 1916ರಲ್ಲಿ. ಮೈಸೂರು ಸ್ಯಾಂಡಲ್ ಸೋಪಿನ ಸಂಸ್ಥೆ ಇವತ್ತಿಗೂ ಗಂಧ ಕೊಳ್ಳುತ್ತದೆ. ಅಗರ್‌ಗೆ ನಮ್ಮ ಸೀಮೆಯಲ್ಲಿ ಅಂಥ ಗೊತ್ತಿರುವ ಬಾಗಿಲಿಲ್ಲ.

ಹಾಗಾದರೆ ಎಕರೆಗಟ್ಟಲೆ ಗಂಧ ಹಾಕೋಣವೇ? ಬೇಡ. ಚೇಗು ಕಟ್ಟಿದಾಗಿನಿಂದ ಕಳ್ಳರ ಭಯ. ಗರಗಸ ಹಿಡಿದು ರಾತ್ರಿ ಬರುವವರ ಎದುರು ನಿಲ್ಲುವವರು ಯಾರು? ಮಕ್ಕಳೆಲ್ಲ ಬೆಂಗಳೂರಿನಲ್ಲಿ, ತೋಟದ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಗಂಧ ಹಾಕಿ ಅಂತ ಫೋನಿನಲ್ಲಿ ಹೇಳುವ ನಾವು ಇದನ್ನು ಮೊದಲು ಯೋಚಿಸಬೇಕು.

ಆದ್ದರಿಂದ ನಮ್ಮ ಮಾತು: ಕೊಳ್ಳುವುದಾದರೆ ಗಂಧದ ಸಸಿ ಕೊಳ್ಳಿ. ಮನೆಯಿಂದ ಕಣ್ಣಿಗೆ ಬೀಳುವ ಬದುವಿನಲ್ಲಿ, ಕಾಯಲು ಆಗುವಷ್ಟೇ ಹಾಕಿ. ಪಹಣಿಯಲ್ಲಿ ಬರೆಸಿ. ಅಗರ್ ಮಾರಲು ಬಂದವರನ್ನು ಒಂದೇ ಪ್ರಶ್ನೆ ಕೇಳಿ: ಮರ ಕಡಿದು, ಮಾರಿ, ದುಡ್ಡು ಎಣಿಸಿಕೊಂಡ ರೈತರ ತೋಟ ತೋರಿಸುತ್ತೀರಾ?

ಯಾವುದಕ್ಕೂ ತೆಂಗು ಮಾತ್ರ ಕಡಿಯಬೇಡಿ. ಆ 15 ವರ್ಷ ಮನೆ ನಡೆಸಬೇಕಾದದ್ದು ಕೊಬ್ಬರಿಯೇ.