ಡಿಕ್ಕಿಯೊಳಗೊಂದು ಪ್ರಾಜೆಕ್ಟ್

ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ ಇಟ್ಟರೆ ಮನೆಯ ಹಿರಿಯರು ಶೋಕಿ ಎನ್ನುತ್ತಾರೆ. ಅಂಗಡಿಯಿಂದ ರೆಡಿಮೇಡ್ ಬಾಕ್ಸ್ ತಂದು ಕೂರಿಸಿದರೆ ಅದು ಶೋಕಿಯೇ, ಒಪ್ಪುತ್ತೇನೆ. ಆದರೆ ಆ ಬಾಕ್ಸನ್ನು ಲೆಕ್ಕ ಹಾಕಿ ನಾವೇ ಮಾಡಿದರೆ ಅದು ಒಳ್ಳೆಯ ಎಂಜಿನಿಯರಿಂಗ್ ಪಾಠ.

ಸ್ಪೀಕರಿನ ಕೋನ್ ಮುಂದೆ ಗಾಳಿಯನ್ನು ತಳ್ಳುವಾಗ ಹಿಂದೆ ಎಳೆಯುತ್ತದೆ. ಎರಡೂ ಬೆರೆತರೆ ಬಾಸ್ ಸತ್ತುಹೋಗುತ್ತದೆ. ಹಿಂಬದಿಯ ಅಲೆಯನ್ನು ತಡೆಯುವುದು ಬಾಕ್ಸಿನ ಕೆಲಸ. ಒಳಗಿನ ಗಾಳಿ ಸ್ಪ್ರಿಂಗ್‌ನಂತೆ ವರ್ತಿಸುತ್ತದೆ. ಬಾಕ್ಸ್ ಚಿಕ್ಕದಾದರೆ ಸ್ಪ್ರಿಂಗ್ ಬಿಗಿ, ಸದ್ದು ಗುಂಯ್ ಎನ್ನುತ್ತದೆ.

ಇದನ್ನು ಸೂತ್ರಕ್ಕೆ ತಂದವರು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್. ಸ್ಪೀಕರಿನ ಮಾಹಿತಿ ಹಾಳೆಯಲ್ಲಿ ಎಫ್‌ಎಸ್ 30 ಹರ್ಟ್ಸ್, ಕ್ಯೂಟಿಎಸ್ 0.5, ವಿಎಎಸ್ 40 ಲೀಟರ್ ಎಂದಿದೆ ಎನ್ನಿ. ಮುಚ್ಚಿದ ಬಾಕ್ಸಿಗೆ ಕ್ಯೂ 0.707 ಇಟ್ಟುಕೊಂಡರೆ 40 ಲೀಟರ್ ಜಾಗ ಸಾಕು. ಅನುರಣನ 42 ಹರ್ಟ್ಸ್ ಆಸುಪಾಸಿಗೆ ಬರುತ್ತದೆ.

ನಿಜವಾದ ಪಾಠ ಟೇಪು ಹಿಡಿದಾಗ ಶುರು. 50, 40, 30 ಸೆಂ.ಮೀ. ಅಳತೆಯ ಬಾಕ್ಸ್ ಹೊರಗಿನಿಂದ 60 ಲೀಟರ್. 18 ಮಿ.ಮೀ. ಎಂಡಿಎಫ್ ಹಲಗೆಯ ದಪ್ಪ ಕಳೆದರೆ ಒಳಗೆ ಉಳಿಯುವುದು ಸುಮಾರು 44.6 ಲೀಟರ್. ಸ್ಪೀಕರಿನ ಮ್ಯಾಗ್ನೆಟ್, ಒಳಗಿನ ಆಧಾರಪಟ್ಟಿ ಕಳೆದರೆ 40ರ ಹತ್ತಿರ. ಮೂಲೆಗಳಲ್ಲಿ ಗಾಳಿ ಸೋರಿದರೆ ಇಷ್ಟೂ ಲೆಕ್ಕ ವ್ಯರ್ಥ.

ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಸಂದರ್ಶನದಲ್ಲಿ 'ಈ ಅಳತೆ ಯಾಕೆ?' ಎಂದು ಕೇಳಿದರೆ ಅವರ ಬಳಿ ಉತ್ತರವಿರದು. ಬಾಕ್ಸ್ ಮಾಡಿದವನ ಬಳಿ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕಾರಿನ ಕೆಲಸ ಮಾಡುವವರ ಕೈಯಲ್ಲಿ ಅನುಭವವಿದೆ, ನಮ್ಮ ಪುಸ್ತಕದಲ್ಲಿ ಸೂತ್ರವಿದೆ. ಎರಡೂ ಒಂದೆಡೆ ಸೇರಿದರೆ ಸ್ವಂತ ಅಂಗಡಿ ತೆರೆಯುವ ಧೈರ್ಯವೂ ಬಂದೀತು.

ಬೀದಿಯೆಲ್ಲ ನಡುಗಿಸುವುದಕ್ಕೆ ಇಷ್ಟು ಲೆಕ್ಕ ಬೇಕಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದದ ಮಿತಿ 45 ಡೆಸಿಬಲ್ ಎಂಬುದೂ ನೆನಪಿರಲಿ. ಬಾಕ್ಸ್ ಸರಿಯಿದ್ದರೆ ಕಡಿಮೆ ವಾಲ್ಯೂಮಿನಲ್ಲೂ ಮೃದಂಗದ ಎಡಭಾಗದ ನಾದ ಸ್ಪಷ್ಟವಾಗಿ ಕೇಳುತ್ತದೆ. ಬರುವ ರಜೆಯಲ್ಲಿ ಒಂದು ಹಲಗೆ, ಒಂದು ಗರಗಸ, ಒಂದು ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತು ನೋಡಿ.