ಜಿರೊ ಮುಗಿದು 34 ದಿನ

2014ರ ಅಕ್ಟೋಬರ್‌ನಲ್ಲಿ ರಷ್ಯಾದ ಉದ್ಯಮಿ, ಆಗ ಸೈಕ್ಲಿಂಗ್ ತಂಡವೊಂದರ ಮಾಲೀಕರೂ ಆಗಿದ್ದ ಒಲೆಗ್ ಟಿಂಕೋವ್ ಹತ್ತು ಲಕ್ಷ ಯೂರೊ ಪಣಕ್ಕಿಟ್ಟರು. ಆಲ್ಬರ್ಟೊ ಕೊಂಟಾಡೋರ್, ಕ್ರಿಸ್ ಫ್ರೂಮ್, ವಿನ್ಸೆಂಜೊ ನಿಬಾಲಿ, ನೈರೊ ಕ್ವಿಂಟಾನಾ ನಾಲ್ವರೂ ಮರುವರ್ಷ ಜಿರೊ ಡಿ ಇಟಾಲಿಯಾ, ಟೂರ್ ಡಿ ಫ್ರಾನ್ಸ್, ವುಯೆಲ್ಟಾ ಎ ಎಸ್ಪಾನ್ಯ ಮೂರರಲ್ಲೂ ಸ್ಪರ್ಧಿಸಬೇಕು. ಸ್ಪರ್ಧಿಸಿದರೆ ತಲಾ ಎರಡೂವರೆ ಲಕ್ಷ. ದೊಡ್ಡ ಹೆಸರಿನವರು ವರ್ಷದಲ್ಲಿ ಮೂರು ವಾರ ಮಾತ್ರ ಮೈಮುರಿದು ದುಡಿಯುತ್ತಾರೆ ಎಂಬುದು ಟಿಂಕೋವ್ ತಕರಾರು. ಆ ಪಣದ ಹಣ ಯಾರ ಕೈಗೂ ಸೇರಲಿಲ್ಲ.

ಅಲ್ಲಿಂದ ಈಚೆಗೆ, 2025ರ ಕೊನೆಯವರೆಗೆ, ಹನ್ನೊಂದು ಸೀಸನ್‌ಗಳು ಕಳೆದಿವೆ. ಗ್ರ್ಯಾಂಡ್ ಟೂರ್ ಎನಿಸಿಕೊಂಡ ಈ ಮೂರೂ ಒಂದೇ ಅಳತೆಯ ರೇಸುಗಳು: ಮೂರು ವಾರ, 21 ಹಂತ, ಮೂರು ಸಾವಿರ ಕಿಲೊಮೀಟರಿಗೂ ಮಿಕ್ಕಿದ ದಾರಿ. ಒಬ್ಬ ಸವಾರ ಒಂದೇ ವರ್ಷದಲ್ಲಿ ಇವುಗಳಲ್ಲಿ ಎರಡನ್ನೋ ಮೂರನ್ನೋ ಓಡುವುದು ಸರಿಯೇ ಎಂಬ ವಾದ ಪ್ರತಿ ಜೂನ್‌ನಲ್ಲೂ ಏಳುತ್ತದೆ, ಪ್ರತಿ ಆಗಸ್ಟ್‌ನಲ್ಲೂ ಏಳುತ್ತದೆ. ಈಗ ಲೆಕ್ಕ ನೋಡುವಷ್ಟು ಉದಾಹರಣೆಗಳು ಕೂಡಿವೆ.

ಹಳೆಯ ಪುಟ ಮೊದಲು. ಒಂದೇ ವರ್ಷ ಜಿರೊ ಮತ್ತು ಟೂರ್ ಎರಡನ್ನೂ ಗೆದ್ದವರು ಇದುವರೆಗೆ ಎಂಟೇ ಮಂದಿ: ಕೊಪ್ಪಿ, ಆಂಕೆಟಿಲ್, ಮೆರ್ಕ್ಸ್, ಇನೊ, ರೋಚ್, ಇಂಡುರೈನ್, ಪಂತಾನಿ, ಪೊಗಾಚರ್. ಪಂತಾನಿ ಗೆದ್ದದ್ದು 1998ರಲ್ಲಿ, ಪೊಗಾಚರ್ 2024ರಲ್ಲಿ. ನಡುವಿನ 26 ವರ್ಷದ ಬರಗಾಲಕ್ಕೆ ಆಧುನಿಕ ಪೈಪೋಟಿಯೇ ಕಾರಣ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. 1998ರ ಟೂರ್‌ನ ಮಾದರಿಗಳನ್ನು ವರ್ಷಗಳ ನಂತರ ಮರುಪರೀಕ್ಷಿಸಿದಾಗ ಪಂತಾನಿಯ ಮಾದರಿಯಲ್ಲೂ ಇಪಿಒ ಸಿಕ್ಕಿತ್ತೆಂದು 2013ರಲ್ಲಿ ಫ್ರಾನ್ಸಿನ ಸೆನೆಟ್ ಸಮಿತಿಯ ವರದಿ ಹೇಳಿತು. ಕೆಂಪು ರಕ್ತಕಣ ಹೆಚ್ಚಿಸುವ ಔಷಧ ನೆರವಿಗಿದ್ದ ಕಾಲದ ಸಾಧನೆಯನ್ನು ಮುಂದಿಟ್ಟುಕೊಂಡು ಇಂದಿನವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಟಿಂಕೋವ್ ಅದನ್ನೇ ಮಾಡಿದ್ದು.

ಅವರ ತಂಡದವರೇ ಆದ ಕೊಂಟಾಡೋರ್ 2015ರಲ್ಲಿ ಎರಡಕ್ಕೆ ಇಳಿದರು. ಜಿರೊ ಗೆದ್ದರು, ಟೂರ್‌ನಲ್ಲಿ ಐದನೆಯವರಾದರು. 2017ರಲ್ಲಿ ಕ್ವಿಂಟಾನಾ ಜಿರೊದಲ್ಲಿ ಬರೀ 31 ಸೆಕೆಂಡಿನಿಂದ ಸೋತು ಎರಡನೆಯವರಾದರು. ಟೂರ್‌ನಲ್ಲಿ ಹನ್ನೆರಡನೇ ಸ್ಥಾನಕ್ಕೆ ಜಾರಿದರು. ಗುಡ್ಡಗಳಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದ ಸವಾರ ಆ ಜುಲೈನಲ್ಲಿ ಗುಂಪಿನ ಬಾಲ ಹಿಡಿಯಲೂ ಏದುಸಿರು ಬಿಡುತ್ತಿದ್ದುದನ್ನು ನೋಡುವುದು ಕಷ್ಟವಾಗಿತ್ತು. ಎರಡೂ ವರ್ಷ ಜಿರೊದ ಕೊನೆಯ ಹಂತಕ್ಕೂ ಟೂರ್‌ನ ಮೊದಲ ಹಂತಕ್ಕೂ ನಡುವೆ ಇದ್ದದ್ದು 34 ದಿನ.

2018ರಲ್ಲಿ ಫುಟ್‌ಬಾಲ್ ವಿಶ್ವಕಪ್ ಇದ್ದುದರಿಂದ ಟೂರ್ ಒಂದು ವಾರ ಮುಂದೆ ಹೋಯಿತು. ಬಿಡುವು 41 ದಿನವಾಯಿತು. ಆ ಸಲ ಜಿರೊ ಗೆದ್ದ ಫ್ರೂಮ್ ಟೂರ್‌ನಲ್ಲಿ ಮೂರನೆಯವರು, ಜಿರೊದಲ್ಲಿ ಎರಡನೆಯವರಾಗಿದ್ದ ಟಾಮ್ ಡುಮೊಲಿನ್ ಟೂರ್‌ನಲ್ಲೂ ಎರಡನೆಯವರು. ಒಂದೇ ವಾರದ ಹೆಚ್ಚುವರಿ ಬಿಡುವಿಗೆ ಇಬ್ಬರೂ ಪ್ಯಾರಿಸ್‌ನ ವಿಜಯವೇದಿಕೆ ಹತ್ತಿದರು. ಎರಡು ಮೂರು ನಿದರ್ಶನಗಳಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆದರೂ ದೇಹದ ಲೆಕ್ಕ ಇದಕ್ಕೆ ಹೊಂದುತ್ತದೆ. ಜಿರೊ ಮುಗಿದ ಮೇಲೆ ಮೊದಲ ವಾರ, ಹತ್ತು ದಿನ ದಣಿವು ತೀರುವುದಕ್ಕೇ ಹೋಗುತ್ತವೆ. ಎತ್ತರದ ಊರಿನಲ್ಲಿ ತಾಲೀಮಿಗೆ ಎರಡು ಮೂರು ವಾರ ಬೇಕು. ಕೆಳಗಿಳಿದು ಮೈ ಹಗುರಾಗಲು ಇನ್ನಷ್ಟು ದಿನ. 34ರಲ್ಲಿ ಇವೆಲ್ಲ ಹಿಡಿಸುತ್ತವೆ, ಒಂದು ನೆಗಡಿಗೂ ಜಾಗ ಉಳಿಯುವುದಿಲ್ಲ.

ಹಾಗಿದ್ದರೆ ಪೊಗಾಚರ್ ಹೇಗೆ ಗೆದ್ದರು? 2024ರಲ್ಲೂ ಬಿಡುವು ಅದೇ 34 ದಿನ. ಅವರು ಜಿರೊದಲ್ಲಿ ಆರು ಹಂತ, ಟೂರ್‌ನಲ್ಲಿ ಆರು ಹಂತ ಗೆದ್ದರು. ಜಿರೊದಲ್ಲಿ ಎರಡನೆಯವರಿಗಿಂತ ಹತ್ತಿರಹತ್ತಿರ ಹತ್ತು ನಿಮಿಷ, ಟೂರ್‌ನಲ್ಲಿ ಆರು ನಿಮಿಷಕ್ಕೂ ಹೆಚ್ಚು ಮುಂದಿದ್ದರು. ಅಸಾಮಾನ್ಯ ಪ್ರತಿಭೆ ಎಂದು ಕೈತೊಳೆದುಕೊಳ್ಳಬಹುದು. ಆದರೆ ಆ ವರ್ಷದ ಅವರ ವೇಳಾಪಟ್ಟಿ ಇನ್ನೂ ಹೆಚ್ಚು ಹೇಳುತ್ತದೆ. ಜಿರೊಗೆ ಮೊದಲು ಅವರು ರೇಸಿಗಿಳಿದದ್ದು ಹತ್ತೇ ದಿನ: ಸ್ಟ್ರಾಡೆ ಬಿಯಾಂಕೆ, ಮಿಲಾನ್–ಸಾನ್ ರೆಮೊ, ಏಳು ದಿನದ ಕ್ಯಾಟಲೋನಿಯಾ, ಲಿಯೇಜ್. ಹಿಂದಿನ ವರ್ಷ ತಾವೇ ಗೆದ್ದಿದ್ದ ಫ್ಲಾಂಡರ್ಸ್ ರೇಸನ್ನು ಬಿಟ್ಟರು. ಜಿರೊ, ಟೂರ್‌ಗಳ ನಡುವೆ ಒಂದೂ ರೇಸ್ ಇಲ್ಲದೆ ಇಸೋಲಾ 2000 ಎಂಬ ಗುಡ್ಡದೂರಿನಲ್ಲಿ ತಾಲೀಮು ನಡೆಸಿದರು. ಟೂರ್‌ನ 19ನೇ ಹಂತ ಮುಗಿದದ್ದು ಅಲ್ಲೇ, ಗೆದ್ದದ್ದೂ ಅವರೇ. ಇಷ್ಟರ ಜೊತೆಗೆ ಒಂದು ಮಾತು ಸೇರಿಸಬೇಕು: ಮುಖ್ಯ ಎದುರಾಳಿ ಯೊನಾಸ್ ವಿಂಗೆಗಾರ್ಡ್ ಏಪ್ರಿಲ್‌ನಲ್ಲಿ ಬಾಸ್ಕ್ ಸೀಮೆಯ ರೇಸಿನಲ್ಲಿ ಬಿದ್ದು, ಮೂಳೆ ಮುರಿದು, ಶ್ವಾಸಕೋಶಕ್ಕೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದವರು.

2025ರಲ್ಲಿ ಅದೇ ಪೊಗಾಚರ್ ಜಿರೊ ಬಿಟ್ಟರು. ಬದಲಿಗೆ ಫ್ಲಾಂಡರ್ಸ್, ರೂಬೆ, ಆಮ್‌ಸ್ಟೆಲ್, ಫ್ಲೆಷ್, ಲಿಯೇಜ್ ಎಂಬ ಒಂದು ದಿನದ ರೇಸುಗಳು, ಜೂನ್‌ನಲ್ಲಿ ಎಂಟು ದಿನದ ಡೊಫಿನೆ. ಟೂರ್ ಗೆದ್ದರು ನಿಜ, ಆದರೆ ಕೊನೆಯ ವಾರ ಅವರ ಮುಖದಲ್ಲಿ ಆಯಾಸ ಎದ್ದು ಕಾಣುತ್ತಿತ್ತು. ವುಯೆಲ್ಟಾಕ್ಕೆ ಹೋಗಲಿಲ್ಲ. ಒಂದೇ ಗ್ರ್ಯಾಂಡ್ ಟೂರ್ ಓಡಿದ ವರ್ಷ, ಎರಡು ಓಡಿದ ವರ್ಷಕ್ಕಿಂತ ಹೆಚ್ಚು ದಣಿಸಿತು. ಎರಡೋ ಮೂರೋ ಎಂದು ದೊಡ್ಡ ರೇಸುಗಳನ್ನಷ್ಟೇ ಎಣಿಸುವ ನಮ್ಮ ರೂಢಿಯೇ ತಪ್ಪು ಎಂದು ನನಗನ್ನಿಸುವುದು ಇದಕ್ಕೇ. ಸವಾರ ಏನನ್ನು ಓಡಿದ ಎನ್ನುವುದಕ್ಕಿಂತ, ಅದಕ್ಕಾಗಿ ಏನನ್ನು ಬಿಟ್ಟ ಎಂದು ಕೇಳಬೇಕು.

ಟೂರ್ ನಂತರ ವುಯೆಲ್ಟಾ ಓಡುವ ಕಥೆ ಬೇರೆ. 1995ರಲ್ಲಿ ವುಯೆಲ್ಟಾ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ ಬಂತು. ಅಲ್ಲಿಗೆ ಬರುವ ಹಲವರು ಟೂರ್ ಓಡಿ ಬಂದವರೇ, ಹಾಗಾಗಿ ಅವರ ನಡುವೆ ದಣಿವೂ ಸಮಪಾಲು. 2017ರಲ್ಲಿ ಫ್ರೂಮ್ ಎರಡೂ ಗೆದ್ದರು. 2025ರಲ್ಲಿ ವಿಂಗೆಗಾರ್ಡ್ ಟೂರ್‌ನಲ್ಲಿ ಎರಡನೆಯವರಾಗಿ, 27 ದಿನದ ಬಿಡುವಿನಲ್ಲಿ ವುಯೆಲ್ಟಾ ಗೆದ್ದರು. ಅಲ್ಲಿ ಎರಡನೆಯವರಾದ ಜೊವಾವ್ ಅಲ್ಮೇಡಾ ಪಕ್ಕೆಲುಬು ಮುರಿದುಕೊಂಡು ಒಂಬತ್ತನೇ ಹಂತದಲ್ಲೇ ಟೂರ್ ಬಿಟ್ಟವರು.

ಇಷ್ಟೂ ನಾಯಕರ ಮಾತಾಯಿತು. ನಾಯಕನಿಗೆ ಆಯ್ಕೆ ಇದೆ. ಅವನಿಗೆ ಗಾಳಿ ತಡೆದು, ನೀರಿನ ಬಾಟಲಿ ಹೊತ್ತು ತರುವ ಸಹಾಯಕ ಸವಾರನಿಗೆ ಆಯ್ಕೆ ಕಡಿಮೆ. ಅಗ್ರ ಶ್ರೇಣಿಯ ತಂಡಗಳು ಮೂರೂ ಗ್ರ್ಯಾಂಡ್ ಟೂರ್‌ಗಳಿಗೆ ಎಂಟೆಂಟು ಮಂದಿಯನ್ನು ಕಳಿಸಲೇಬೇಕು. ತಂಡದಲ್ಲಿರುವುದೇ ಸುಮಾರು ಮೂವತ್ತು ಸವಾರರು. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಭುಜದ ಮೂಳೆ ಮುರಿತ ಎಂದರೆ ಸಾಕು, ಮೇ ತಿಂಗಳಲ್ಲಿ ಇಟಲಿಯಲ್ಲಿ ದುಡಿದವನೇ ಸೆಪ್ಟೆಂಬರ್‌ನಲ್ಲಿ ಸ್ಪೇನಿನಲ್ಲೂ ದುಡಿಯಬೇಕು. 2023ರಲ್ಲಿ ಸೆಪ್ ಕುಸ್ ಹೀಗೆಯೇ ಮೂರನ್ನೂ ಓಡಿದ ಸಹಾಯಕ. ಜಿರೊದಲ್ಲಿ 14ನೆಯವರು, ಟೂರ್‌ನಲ್ಲಿ 12ನೆಯವರು, ವುಯೆಲ್ಟಾದಲ್ಲಿ ವಿಜೇತರ ಕೆಂಪು ಜೆರ್ಸಿ ಅವರದೇ. ಅದೂ ಆಂಗ್ಲಿರು ಏರಿನಲ್ಲಿ ಸ್ವಂತ ತಂಡದ ಇಬ್ಬರು ನಾಯಕರು ಅವರನ್ನು ಬಿಟ್ಟು ಮುಂದೆ ಹೋದ ಮೇಲೂ. ಚೆಂದದ ಕಥೆ. ಆದರೆ ಮೂರು ಓಡುವುದು ಸುಲಭ ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಎಳೆದು ತರುವವರು, ಮೊದಲ ಎರಡರಲ್ಲಿ ಅವರು ಗೆಲ್ಲಲು ಓಡಿರಲಿಲ್ಲ ಎಂಬುದನ್ನು ಮರೆಯುತ್ತಾರೆ. 2025ರಲ್ಲಿ ಜಿರೊ ಗೆದ್ದ ಸೈಮನ್ ಯೇಟ್ಸ್ ಕೂಡ ಟೂರ್‌ಗೆ ವಿಂಗೆಗಾರ್ಡ್‌ರ ಸಹಾಯಕರಾಗಿ ಹೋದರು. ಒಂದು ಹಂತ ಗೆದ್ದರು, ಒಟ್ಟಾರೆ ಸ್ಥಾನದ ಚಿಂತೆ ಹಚ್ಚಿಕೊಳ್ಳಲಿಲ್ಲ. ಎರಡನೆಯದನ್ನು ಹಗುರ ಮನಸ್ಸಿನಿಂದ ಓಡುವುದು ಆಗುವ ಮಾತು.

ಮಹಿಳೆಯರ ವಿಭಾಗದಲ್ಲಿ ಆನೆಮೀಕ್ ವಾನ್ ವ್ಲೂಟೆನ್ 2022ರಲ್ಲಿ ಜಿರೊ, ಟೂರ್, ಸ್ಪೇನಿನ ರೇಸ್ ಮೂರನ್ನೂ ಗೆದ್ದು, ಮೊಣಕೈ ಮೂಳೆ ಮುರಿದಿದ್ದರೂ ವಿಶ್ವ ಚಾಂಪಿಯನ್ ಆದರು. ಆ ಟೂರ್ ಎಂಟು ಹಂತದ್ದು, ಸ್ಪೇನಿನದು ಐದು ಹಂತದ್ದು. ರೇಸಿನ ಉದ್ದ ತಗ್ಗಿದಾಗ ಮೂರೂ ಕೈಗೆಟುಕುತ್ತವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಪುರುಷರ ರೇಸುಗಳನ್ನು ಎರಡು ವಾರಕ್ಕೆ ಇಳಿಸಿ ಎಂಬ ಸಲಹೆಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಮೂರನೇ ವಾರದ ಕುಸಿತವೂ ಚೇತರಿಕೆಯೂ ಇಲ್ಲದಿದ್ದರೆ ಜನ ಅವನ್ನು ನೋಡುವುದೇಕೆ?

ಹಾಗಾಗಿ ನಿಷೇಧ ಬೇಡ, ಪಣವೂ ಬೇಡ. ಎರಡು ಓಡುವವರು ಓಡಲಿ, ಆ ವರ್ಷ ಬೇರೇನನ್ನು ಬಿಡುತ್ತೇವೆಂದು ಜನವರಿಯಲ್ಲೇ ತೀರ್ಮಾನಿಸಿಕೊಂಡು. ಮೂರನೆಯದನ್ನು ಮಾತ್ರ ಯಾವ ಸವಾರನ ಮೇಲೂ ಹೇರಬಾರದು. ಸವಾರನ ಲಿಖಿತ ಒಪ್ಪಿಗೆಯಿಲ್ಲದೆ, ತಂಡಕ್ಕೆ ಸೇರದ ವೈದ್ಯರೊಬ್ಬರ ಸಹಿಯಿಲ್ಲದೆ ಒಂದೇ ವರ್ಷದ ಮೂರನೇ ಗ್ರ್ಯಾಂಡ್ ಟೂರ್‌ಗೆ ಹೆಸರು ನೋಂದಾಯಿಸಬಾರದು ಎಂಬ ನಿಯಮವೊಂದು ಸಾಕು. ಇದನ್ನು ಮಂಡಿಸಬೇಕಾದವರು ಸವಾರರ ಸಂಘದವರು. ಅದರ ಅಧ್ಯಕ್ಷ ಆಡಮ್ ಹ್ಯಾನ್ಸನ್ 2011ರಿಂದ 2018ರವರೆಗೆ ಒಂದನ್ನೂ ಬಿಡದೆ ಸತತ 20 ಗ್ರ್ಯಾಂಡ್ ಟೂರ್‌ಗಳನ್ನು ಓಡಿ ಮುಗಿಸಿದವರು. ಸೋಮಾರಿಗಳ ವಕಾಲತ್ತು ಎಂದು ಅವರಿಗೆ ಹೇಳುವ ಧೈರ್ಯ ಯಾವ ತಂಡದ ಮಾಲೀಕರಿಗೂ ಬರಲಾರದು.